ಸಾಕು ಅನ್ನದ ಮನೆ

ನಮ್ಮ ಮನೆಯಲ್ಲಿ ಊಟಕ್ಕೆ ಕೂತವರು ಯಾರೂ ‘ಸಾಕು’ ಅನ್ನುವಂತಿರಲಿಲ್ಲ. ಹೊಟ್ಟೆ ತುಂಬಿದರೆ ತಟ್ಟೆಯ ಮೇಲೆ ಅಂಗೈ ಅಡ್ಡ ಹಿಡಿಯಬೇಕು, ಅಷ್ಟೇ. ಬಾಯಿತಪ್ಪಿ ಅಂದವರ ತಟ್ಟೆಗೆ ಇನ್ನೊಂದು ಮುದ್ದೆ ಬೀಳುತ್ತಿತ್ತು. ಅದನ್ನು ತಿಂದು ಮುಗಿಸುವ ತನಕ ಅಪ್ಪ ಕೈ ತೊಳೆಯಲು ಏಳದೆ ಎದುರಿಗೇ ಕೂತಿರುತ್ತಿದ್ದರು. ಒಮ್ಮೆ ಚೌಳಹಿರಿಯೂರಿನಿಂದ ಬಂದಿದ್ದ ನನ್ನ ಸೋದರಮಾವ, ಪಾಪ, ಈ ಕಾನೂನು ಗೊತ್ತಿಲ್ಲದೆ “ಸಾಕು, ಸಾಕು, ಸಾಕು ಕಣಕ್ಕ” ಅಂದುಬಿಟ್ಟರು. ಮೂರು ಸಲ ಅಂದದ್ದಕ್ಕೆ ಮೂರು ಮುದ್ದೆ. ಭಾವನ ಮಾತು ಮೀರುವಂತಿಲ್ಲ. ಕಣ್ಣಲ್ಲಿ ನೀರು ತುಂಬಿಕೊಂಡು ನುಂಗಿದರು, ಆಮೇಲೆ ಹಿತ್ತಲಿಗೆ ಹೋಗಿ ಕಕ್ಕಿದರು. ಅಲ್ಲಿಂದ ಮುಂದೆ ಯಾವಾಗ ಬಂದರೂ ಹೊಸ್ತಿಲಲ್ಲೇ “ಊಟ ಮಾಡ್ಕಂಡೇ ಬಂದೆ ಕಣಕ್ಕ” ಅನ್ನುತ್ತಿದ್ದರು. ನಾನೂ ಅಣ್ಣನೂ ಆ ಮಾತನ್ನು ಹೇಳಿಕೊಂಡು ವರ್ಷಗಟ್ಟಲೆ ನಕ್ಕಿದ್ದೇವೆ. ಅದರಲ್ಲಿ ನಗುವಂಥದ್ದು ಏನಿತ್ತೋ ಈಗ ತಿಳಿಯುವುದಿಲ್ಲ.

ಅಪ್ಪ ಪೈಲ್ವಾನ್ ಹಾಲಪ್ಪ. ಅಜ್ಜಂಪುರದಿಂದ ಬುಕ್ಕಾಂಬುಧಿಗೆ ಹೋಗುವ ದಾರಿಯಲ್ಲಿ ನಮ್ಮೂರು. ಒಂದಿಷ್ಟು ತೆಂಗು, ಈರುಳ್ಳಿ ಬೆಳೆಯುವ ಹೊಲ, ಎಲ್ಲಕ್ಕಿಂತ ಹೆಚ್ಚಾಗಿ ಮನೆಯ ಎಡಗೋಡೆಗೆ ಅಂಟಿಕೊಂಡ ಗರಡಿ. ಗರಡಿಗೆ ಅವರೇ ವಸ್ತಾದರು, ಅಂದರೆ ಗುರು. ಅಖಾಡಕ್ಕೆ ಊರ ಮಣ್ಣು ಆಗುತ್ತಿರಲಿಲ್ಲ. ಕೆಮ್ಮಣ್ಣುಗುಂಡಿಯ ಬುಡದ ಕಡೆಯಿಂದ ಗಾಡಿಯಲ್ಲಿ ಕೆಂಪು ಮಣ್ಣು ತರಿಸಿ, ಜರಡಿ ಹಿಡಿದು, ಎಣ್ಣೆ, ಮಜ್ಜಿಗೆ, ಅರಿಶಿನ ಬೆರೆಸಿ ಹದ ಮಾಡುತ್ತಿದ್ದರು; ಗರಡಿಯ ಮಾತಿನಲ್ಲಿ ಅದು ‘ಮಟ್ಟಿ’. ನಮ್ಮ ಹಾಸಿಗೆಗೂ ಅಷ್ಟು ಆರೈಕೆ ಇರಲಿಲ್ಲ. ಗರಡಿಯ ಹೊಸ್ತಿಲು ದಾಟಿದ ಮೇಲೆ ಅಣ್ಣನೂ ಅಪ್ಪನನ್ನು ‘ವಸ್ತಾದ್ರೇ’ ಅಂತಲೇ ಕರೆಯಬೇಕು. ಅಲ್ಲಿ ಅಪ್ಪ ಇಲ್ಲ, ಮಗ ಇಲ್ಲ. ಹೆಂಗಸರಿಗಂತೂ ಒಳಗೆ ಕಾಲಿಡಲು ಬಿಡುತ್ತಿರಲಿಲ್ಲ. ಅಡುಗೆಮನೆಗೂ ಗರಡಿಗೂ ನಡುವೆ ಒಂದು ಕಿಂಡಿ ಇತ್ತು, ಅದಕ್ಕೊಂದು ಮರದ ಹಲಗೆ. ಅಪ್ಪ ಆ ಕಡೆಯಿಂದ ಹಲಗೆ ತಟ್ಟಿದರೆ ಈ ಕಡೆಯಿಂದ ಅವ್ವ ಬಾದಾಮಿ, ಗಸಗಸೆ ಅರೆದು ಹಾಕಿದ ಹಾಲಿನ ಚೊಂಬು ಇಡಬೇಕು, ಕೈ ಹಿಂದಕ್ಕೆ ತೆಗೆದುಕೊಳ್ಳಬೇಕು. ಇಷ್ಟೇ ಅವಳಿಗೂ ಗರಡಿಗೂ ಇದ್ದ ಸಂಬಂಧ.

‘ಸಾಕು’ ಅನ್ನುವ ಮಾತಿನ ಮೇಲೆ ಅಪ್ಪನಿಗೆ ಅಷ್ಟು ಸಿಟ್ಟು ಯಾಕೆ ಅಂತ ಕೇಳಿದರೆ ಅವರ ಉತ್ತರ ಒಂದೇ. ಬೆನ್ನು ಮಣ್ಣಿಗೆ ತಾಗಿದರೆ ಸೋಲು, ತಾಗುವ ತನಕ ಬಾಯಿಗೆ ಏನು ಕೆಲಸ?

“ತಟ್ಟೆ ಮುಂದೆ ಸಾಕು ಅಂದೋನು ಮಟ್ಟಿ ಮೇಲೂ ಅಂತಾನೆ. ನಾಲಿಗೆಗೆ ರೂಢಿ ಆಗ್ಬಾರ್ದು ಕಣ್ರೋ,” ಅನ್ನುತ್ತಿದ್ದರು.

ಅವ್ವ ಇದಕ್ಕೆಲ್ಲ ತಲೆ ಕೊಡುತ್ತಿರಲಿಲ್ಲ ಅಂತ ತೋರಿಸಿಕೊಳ್ಳುತ್ತಿದ್ದಳು. ಅಪ್ಪ ಎಲ್ಲೋ ಸೋತು ಬಂದು ನೆಪ ಹೇಳಿದರೆ, ಒರಳುಕಲ್ಲಿನ ಮುಂದೆ ಕೂತು ಗೋಡೆಗೆ ಹೇಳುವ ಹಾಗೆ “ಜಟ್ಟಿ ಕೆಳಗೆ ಬಿದ್ರೂ ಮೀಸೆ ಮಣ್ಣಾಗ್ಲಿಲ್ವಂತೆ” ಅನ್ನುತ್ತಿದ್ದಳು. ಒಂದು ಸಲ ಆ ಮಾತಿಗೆ ಅಪ್ಪ ಒರಳಿನಲ್ಲಿದ್ದ ಬಾದಾಮಿಯನ್ನೆಲ್ಲ ಅಂಗಳಕ್ಕೆ ಎರಚಿದ್ದರು. ಅವ್ವ ಒಂದೊಂದೇ ಆರಿಸಿ ತೊಳೆದು ಮತ್ತೆ ಅರೆದಳು. ಹಾಲು ಕಿಂಡಿಗೆ ಹೋಯಿತು. ನಮ್ಮ ಮನೆಯ ಜಗಳಗಳು ಹೆಚ್ಚಾಗಿ ಹೀಗೇ ಮುಗಿಯುತ್ತಿದ್ದವು. ಗೆದ್ದವರು ಯಾರು ಅಂತ ಗೊತ್ತಾಗುತ್ತಿರಲಿಲ್ಲ, ಕೆಲಸ ಮಾತ್ರ ಅವ್ವನಿಗೆ.

ಅಣ್ಣ ಕಲ್ಲೇಶ ನನಗಿಂತ ಆರು ವರ್ಷಕ್ಕೆ ದೊಡ್ಡವನು. ಮೈ ಅಪ್ಪನದು, ಮನಸ್ಸು ಅವ್ವನದು. ಪಟ್ಟುಗಳೆಲ್ಲ ಅವನಿಗೆ ಕೂಡಲೇ ಒಲಿಯುತ್ತಿದ್ದವು, ಆದರೆ ಎದುರಾಳಿಗೆ ನೋವಾಯಿತು ಅಂತ ಕಂಡರೆ ಹಿಡಿತ ತಾನಾಗಿ ಸಡಿಲವಾಗುತ್ತಿತ್ತು. ಅಪ್ಪನಿಗೆ ಅದು ಮೈಯಲ್ಲಿ ಹೊಕ್ಕ ರೋಗದ ಹಾಗೆ ಕಾಣುತ್ತಿತ್ತು. ನನಗೆ ಕುಸ್ತಿ ಹೇಳಿಕೊಟ್ಟವನು ಈ ಅಣ್ಣ. ಕೊಬ್ಬರಿಗೆಂದು ಅಟ್ಟದ ಮೇಲೆ ತೆಂಗಿನಕಾಯಿ ಒಟ್ಟಿರುತ್ತಿದ್ದರಲ್ಲ, ಅದರ ನಡುವೆ ಒಂದಿಷ್ಟು ಜಾಗ ಬಿಡಿಸಿ, ಗೋಣಿಚೀಲ ಹಾಸಿ, ಅಪ್ಪ ಹೊಲಕ್ಕೆ ಹೋದ ಹೊತ್ತು ನೋಡಿ ಹೇಳಿಕೊಡುತ್ತಿದ್ದ. ಒಂದು ಸಲ ಅಪ್ಪ ಬೇಗ ಬಂದುಬಿಟ್ಟರು. ಅಟ್ಟದ ಮೇಲೆ ಧಡಂ ಅಂತ ನಾನು ಬಿದ್ದ ಸದ್ದು ಕೇಳಿ “ಏನೇ ಅದು?” ಅಂದರು. ಅವ್ವ ಒಲೆ ಊದುತ್ತಾ “ಕಾಯಿ ಉರುಳಿರ್ಬೇಕು” ಅಂದಳು. ಅವಳಿಗೆ ಎಲ್ಲ ಗೊತ್ತಿತ್ತು ಅಂತ ನಮಗೆ ತಿಳಿದದ್ದು ಅವತ್ತು. ಮೊದಲನೇ ದಿನವೇ ಅಣ್ಣ ನನ್ನ ತೋಳು ತಿರುಚಿ ಹಿಡಿದುಕೊಂಡು ಹೇಳಿದ್ದ:

“ಇಲ್ಲಿ ಸಾಕು ಅನ್ಬೋದು ಕಣೇ ಗಿರ್ಜಿ. ಅಂದ್ರೆ ಬಿಟ್ಬಿಡ್ತೀನಿ.”

“ಅಪ್ಪಂಗೆ ಗೊತ್ತಾದ್ರೆ?”

“ಅಟ್ಟ ಏನು ಗರಡೀನಾ? ಅನ್ನು, ಪರವಾಗಿಲ್ಲ.”

ಕೈ ಉರಿಯುತ್ತಿತ್ತು, ಕಣ್ಣಲ್ಲಿ ನೀರು ಬಂತು, ಆ ಮಾತು ಮಾತ್ರ ಬರಲಿಲ್ಲ. ಕೊನೆಗೆ ಅವನೇ ಬಿಟ್ಟ. “ನೀನೂ ಅಪ್ಪನ ಮಗಳೇ ಕಣೇ” ಅಂತ ನಕ್ಕ. ಆ ಮಾತಿಗೆ ನಾನು ಹಿಗ್ಗಿದೆ, ದಡ್ಡಿ.

ಆ ವರ್ಷ ದಸರೆಗೆ ತರೀಕೆರೆಯಲ್ಲಿ ಕುಸ್ತಿ ಇತ್ತು. ಅಣ್ಣ ಸೋತ. ಸೋಲು ದೊಡ್ಡದಲ್ಲ, ಅಪ್ಪನೂ ಎಷ್ಟೋ ಸಲ ಸೋತವರೇ. ಆದರೆ ಗೆದ್ದ ಹುಡುಗ ಹೋಟೆಲಿನಲ್ಲಿ ಕೂತು, ಹಾಲಪ್ಪನ ಮಗ ಕೆಳಗೆ ಸಿಕ್ಕಾಗ ಕಿವಿಯಲ್ಲಿ ‘ಸಾಕು ಬಿಡೋ’ ಅಂದ ಅಂತ ಹೇಳಿದನಂತೆ. ಅದು ನಿಜವೋ ಸುಳ್ಳೋ ದೇವರೇ ಬಲ್ಲ. ಅಣ್ಣನನ್ನು ನಾನು ಕೇಳಲಿಲ್ಲ. ಎರಡೇ ದಿನದಲ್ಲಿ ಆ ಮಾತು ಅಜ್ಜಂಪುರದ ಸಂತೆಗೆ ಬಂತು, ಸಂತೆಯಿಂದ ನಮ್ಮ ಜಗುಲಿಗೆ ಬಂತು. ಅಪ್ಪ ಕೂಗಾಡಿದ್ದರೆ ನಮಗೆ ಧೈರ್ಯವಿರುತ್ತಿತ್ತು. ಮೂರು ದಿನ ಊಟಕ್ಕೆ ಕೂತು, ಉಂಡು, ಅಂಗೈ ಅಡ್ಡ ಹಿಡಿದು ಎದ್ದರು. ಅಣ್ಣ ತಟ್ಟೆಯಿಂದ ತಲೆ ಎತ್ತಲಿಲ್ಲ.

ನಾಲ್ಕನೆಯ ದಿನ ಬೆಳಿಗ್ಗೆ, ಸಾಮು ಮಾಡಲು ಬಂದಿದ್ದ ಹುಡುಗರನ್ನೆಲ್ಲ ಅಂಗಳಕ್ಕೆ ಕಳಿಸಿ, ಅಪ್ಪ ಗರಡಿಯ ಬಾಗಿಲು ಹಾಕಿಕೊಂಡರು. ಒಳಗೆ ಅವರಿಬ್ಬರೇ. ಅವ್ವ ಕೊಟ್ಟಿಗೆಯಲ್ಲಿ ಹಸುವಿನ ಹತ್ತಿರ ಇದ್ದಳು. ನಾನು ಕಿಂಡಿಯ ಹತ್ತಿರ ನಿಂತು ಹಾಲನ್ನು ಒಂದು ಚೊಂಬಿನಿಂದ ಇನ್ನೊಂದಕ್ಕೆ ಎತ್ತಿ ಹುಯ್ದು ನೊರೆ ಬರಿಸುತ್ತಿದ್ದೆ. ಹಲಗೆ ಹಾಕಿತ್ತು, ಏನೂ ಕಾಣುತ್ತಿರಲಿಲ್ಲ. ತೊಡೆ ತಟ್ಟಿದ ಸದ್ದು, ಉಸಿರು, ಮಣ್ಣಿಗೆ ಮೈ ಬಿದ್ದ ಸದ್ದು, ಇವೆಲ್ಲ ದಿನಾ ಕೇಳುವಂಥದ್ದೇ. ಹಾಲು ಹುಯ್ಯುವುದನ್ನು ನಿಲ್ಲಿಸಿ ಚೊಂಬನ್ನು ಸೆರಗಿನಿಂದ ಒರೆಸುವಾಗ ಅಣ್ಣನ ದನಿ ಕೇಳಿತು.

“ಅಪ್ಪಾ, ಸಾಕು.”

ಒಂದೇ ಸಲ. ಅದರ ಹಿಂದೆಯೇ ಬೆರಳು ನೆಟಿಕೆ ಮುರಿದಷ್ಟು ಒಂದು ಸಣ್ಣ ಸದ್ದು. ಆಮೇಲೆ ಏನೂ ಇಲ್ಲ. ನಾನು ಹಲಗೆ ಸರಿಸಲಿಲ್ಲ, ಕೂಗಲಿಲ್ಲ. ಅವರು ತಟ್ಟುವುದನ್ನೇ ಕಾಯುತ್ತಾ ಚೊಂಬು ಹಿಡಿದುಕೊಂಡು ನಿಂತಿದ್ದೆ. ಹಾಲು ಆರಿ ಕೆನೆ ಕಟ್ಟಿತು. ಗರಡಿಯೊಳಗೆ ಅಪ್ಪ, ಮಗ ಅನ್ನುವ ಮಾತಿಲ್ಲದ ಜಾಗದಲ್ಲಿ ಅಪ್ಪಾ ಅಂದಿದ್ದಾನಲ್ಲ, ಇವತ್ತು ಬೈಸಿಕೊಳ್ಳುತ್ತಾನೆ ಅಂತ ಮಾತ್ರ ಆಗ ನನ್ನ ತಲೆಗೆ ಬಂದದ್ದು.

ಅಣ್ಣನನ್ನು ಶಿವಮೊಗ್ಗದ ಆಸ್ಪತ್ರೆಗೆ ಕರೆದುಕೊಂಡು ಹೋದರು. ಕುತ್ತಿಗೆಯ ಮೂಳೆಗೆ ಪೆಟ್ಟಾಗಿದೆ, ಜೀವಕ್ಕೆ ಅಪಾಯವಿಲ್ಲ, ಕತ್ತಿನಿಂದ ಕೆಳಗೆ ಮಾತ್ರ ಇನ್ನು ಏನೂ ಆಡುವುದಿಲ್ಲ ಅಂದರಂತೆ ಡಾಕ್ಟರು. ತಿಂಗಳ ಮೇಲೆ ಬಾಡಿಗೆ ವ್ಯಾನಿನಲ್ಲಿ ಮಲಗಿಸಿಕೊಂಡು ತಂದರು. ಅಂಗಳದಲ್ಲಿ ಅರ್ಧ ಊರು ಸೇರಿತ್ತು. ಅಪ್ಪ ಅಣ್ಣನನ್ನು ಮಗುವಿನ ಹಾಗೆ ಎರಡೂ ಕೈಯಲ್ಲಿ ಎತ್ತಿಕೊಂಡು ಇಳಿದರು. ಯಾವ ಕೋಣೆಗೆ ಒಯ್ಯಬೇಕು ಅಂತ ತಿಳಿಯದೆ ಜಗುಲಿಯ ಮೇಲೆ ನಿಂತಾಗ ಅವ್ವ ಎದುರಿಗೆ ಬಂದಳು. ಅವಳು ಅಳುತ್ತಿರಲಿಲ್ಲ.

“ಸಾಕು ಅನ್ನೋಕೆ ಬಿಡ್ಲಿಲ್ಲ ನೀವು. ಈಗ ಸಾಕ್ರಿ.”

ಅಷ್ಟೇ ಅಂದಳು. ಇನ್ನು ಮುಂದೆ ಇವನನ್ನು ನೀವೇ ಸಾಕಿ ಸಲಹಿ ಅಂದಳೋ, ಇಷ್ಟಕ್ಕೆ ನಿಲ್ಲಿಸಿ ಅಂದಳೋ, ಕೇಳಿದವರು ಅವರವರಿಗೆ ತಿಳಿದಂತೆ ಅರ್ಥ ಮಾಡಿಕೊಂಡರು. ಅವ್ವನಿಗೆ ಎರಡೂ ಬೇಕಾಗಿತ್ತು ಅಂತ ನನ್ನ ಲೆಕ್ಕ. ನಮ್ಮ ಮನೆಯಲ್ಲಿ ಅಪ್ಪನ ಎದುರಿಗೆ ಆ ಮಾತನ್ನು ನಾಲ್ಕು ಜನರ ಮುಂದೆ ಬೇಕೆಂದೇ ಅಂದವಳು ಅವಳೇ ಮೊದಲು. ಯಾರೂ ಅವಳಿಗೆ ಮುದ್ದೆ ಬಡಿಸಲಿಲ್ಲ.

ಅಪ್ಪ ಸಾಕಿದರು. ಅದನ್ನು ಇಲ್ಲ ಅನ್ನಲು ಬಾಯಿ ಬರುವುದಿಲ್ಲ. ತಂಪಾದ ದೊಡ್ಡ ಕೋಣೆ ಅಂದರೆ ಗರಡಿಯೊಂದೇ. ಅವ್ವ ಸೀರೆ ಎತ್ತಿ ಕಟ್ಟಿ, ಮೊದಲ ಸಲ ಆ ಹೊಸ್ತಿಲು ದಾಟಿ, ಎರಡು ದಿನ ಗುದ್ದಲಿ ಹಿಡಿದು ಅಖಾಡದ ಮಣ್ಣನ್ನೆಲ್ಲ ಅಗೆದು, ಪುಟ್ಟಿ ಪುಟ್ಟಿ ಹೊತ್ತು ತೆಂಗಿನ ಬುಡಕ್ಕೆ ಸುರಿದಳು. ಅಪ್ಪ ಬಾಗಿಲಲ್ಲಿ ನಿಂತು ನೋಡಿದರು, ಬೇಡ ಅನ್ನಲಿಲ್ಲ. ಸಗಣಿ ಸಾರಿಸಿದ ಆ ನೆಲದ ಮೇಲೆ ಅಣ್ಣನ ಮಂಚ ಬಂತು. ಅವನ ಮೈ ತೊಳೆಯುವುದು, ಹೊರಳಿಸುವುದು, ಹಾಸಿಗೆ ಹುಣ್ಣಿಗೆ ಔಷಧಿ ಹಚ್ಚುವುದು ಎಲ್ಲ ಅಪ್ಪನೇ. ಗರಡಿ ಮುಚ್ಚಿತು, ಹುಡುಗರು ಚದುರಿದರು. ಆದರೆ ನೋಡಲು ಬಂದವರ ಮುಂದೆ ಅಪ್ಪ ಹೇಳುತ್ತಿದ್ದದ್ದು ಒಂದೇ ಮಾತು.

“ಕತ್ತು ಮುರಿದ್ರೂ ನನ್ ಮಗ ಸಾಕು ಅನ್ಲಿಲ್ಲ ಕಣ್ರೀ.”

ಬಂದವರು ಅಣ್ಣನ ಕಾಲು ಮುಟ್ಟಿ ನಮಸ್ಕಾರ ಮಾಡುವರು. ತರೀಕೆರೆಯ ಮಾತು ತೊಳೆದುಹೋಯಿತು. ಸಂತೆಯಲ್ಲಿ ಈಗ ಬೇರೆಯೇ ಕಥೆ. ನನಗೆ ಮೈಯೆಲ್ಲ ಉರಿಯುತ್ತಿತ್ತು. ಒಂದು ಮಧ್ಯಾಹ್ನ, ಮಠದಿಂದ ಬಂದ ಹಿರಿಯರೊಬ್ಬರ ಮುಂದೆ ಅಪ್ಪ ಅದನ್ನೇ ಹೇಳುತ್ತಿದ್ದಾಗ ನಾನು ಮಜ್ಜಿಗೆ ಲೋಟ ಕೆಳಗಿಟ್ಟು ಅಂದೇಬಿಟ್ಟೆ:

“ಅಂದ. ನಾನು ಕಿಂಡಿ ಹತ್ರ ಇದ್ದೆ. ಸಾಕು ಅಂದ.”

“ನೀನು ಏನ್ ಕೇಳ್ದೆ ಲೇ? ಒಲೆ ಮುಂದೆ ಕೂತೋಳು!”

“ಅಪ್ಪಾ ಸಾಕು ಅಂದ. ಅಣ್ಣನ್ನೇ ಕೇಳ್ರಿ.”

ಎಲ್ಲರೂ ಮಂಚದ ಕಡೆ ತಿರುಗಿದರು. ಅಣ್ಣ ಸೂರು ನೋಡಿಕೊಂಡು “ಇಲ್ಲ, ಅನ್ಲಿಲ್ಲ” ಅಂದ. ಅಪ್ಪ ನನ್ನನ್ನು ಹೊಡೆಯಲಿಲ್ಲ. ಹೊಡೆಯುವುದೇನು, ಅವತ್ತಿನಿಂದ ನನ್ನ ಮುಖ ನೋಡಿ ಮಾತಾಡುವುದನ್ನೇ ಬಿಟ್ಟರು. ಎಲ್ಲರೂ ಹೋದ ಮೇಲೆ ನಾನು ಅಣ್ಣನ ಮುಂದೆ ಕೂತು ಬಿಕ್ಕಿ ಬಿಕ್ಕಿ ಅತ್ತೆ. ಯಾಕೆ ಸುಳ್ಳು ಹೇಳಿದೆ ಅಂತ ಕೇಳಿದೆ.

“ಸುಮ್ನಿರು ಕಣೇ. ಅವ್ರಿಗೆ ಅದೊಂದಾದ್ರೂ ಇರ್ಲಿ.” ಆಮೇಲೆ, “ನಂಗಾದ್ರೂ ಇನ್ನೇನೈತೆ ಹೇಳು?” ಅಂದ.

ಈ ಕೊನೆಯ ಮಾತಿಗೆ ಅಣ್ಣನೇ ಒಂದು ಉತ್ತರ ಹುಡುಕಿದ. ಮಾರನೆಯ ದಿನ ಹಳೆಯ ಹಾಸಿಗೆಯೊಂದನ್ನು ಸುರುಳಿ ಸುತ್ತಿ ಹಗ್ಗ ಕಟ್ಟಿ ತಾ ಅಂದ. ಅದೇ ನನ್ನ ಎದುರಾಳಿ. ಅವನು ಮಲಗಿದಲ್ಲಿಂದಲೇ ಬಾಯಲ್ಲಿ ಹೇಳುವನು: ಎಡಗಾಲು ಒಳಗೆ ಹಾಕು, ಸೊಂಟ ಇಳಿಸು, ಇಳಿಸೇ ಕತ್ತೆ, ಈಗ ತಿರುಗು. ಕೈ ಹಿಡಿದು ತಿದ್ದುವಂತಿಲ್ಲ, ಮಾಡಿ ತೋರಿಸುವಂತಿಲ್ಲ. ಒಂದು ಪಟ್ಟನ್ನು ಮಾತಿನಲ್ಲಿ ಹೇಳಿ ಮುಗಿಸಲು ಅವನಿಗೆ ಎಷ್ಟೋ ದಿನ ಹಿಡಿಯುತ್ತಿತ್ತು, ಸಿಟ್ಟಿನಿಂದ ಕಣ್ಣಲ್ಲಿ ನೀರು ಬರುತ್ತಿತ್ತು. ಇಂದಿಗೂ, ಕಡೂರಿನಲ್ಲಿ ನಾನು ನಡೆಸುವ ಆತ್ಮರಕ್ಷಣೆಯ ಕ್ಲಾಸಿಗೆ ಬರುವ ಮಕ್ಕಳ ತಂದೆತಾಯಿ “ಮೇಡಂ, ಕೈಗಿಂತ ನಿಮ್ಮ ಬಾಯೇ ಜಾಸ್ತಿ ಕೆಲಸ ಮಾಡುತ್ತೆ” ಅನ್ನುತ್ತಾರೆ. ಆ ಬಾಯಿ ನನ್ನದಲ್ಲ. ಅಪ್ಪ ಬಂದರೆ ಹಾಸಿಗೆ ಸುರುಳಿಯನ್ನು ಮಂಚದ ಕೆಳಗೆ ತಳ್ಳುತ್ತಿದ್ದೆ. ಅವರು ಅದನ್ನು ನೋಡಿಯೂ ನೋಡದವರ ಹಾಗೆ ಅಣ್ಣನ ಬಟ್ಟೆ ಬದಲಿಸುತ್ತಿದ್ದರು. ಹೀಗೆ ಆರು ವರ್ಷ. ಏಳನೆಯ ಮಳೆಗಾಲಕ್ಕೆ ಅಣ್ಣನ ಎದೆಯಲ್ಲಿ ಕಫ ಕಟ್ಟಿತು, ಕೆಮ್ಮಿ ತೆಗೆಯುವಷ್ಟು ಶಕ್ತಿ ಇರಲಿಲ್ಲ, ಹೋದ. ತೋಟದಲ್ಲಿ, ಅವ್ವ ಅಖಾಡದ ಮಣ್ಣು ಸುರಿದಿದ್ದ ಸಾಲಿನ ಪಕ್ಕದಲ್ಲೇ ಕೂರಿಸಿ ಸಮಾಧಿ ಮಾಡಿದೆವು.

ಆಮೇಲೆ ನಾನು ಕಲಿತದ್ದಕ್ಕೆ ಕೊನೆಯಿಲ್ಲ. ಮದುವೆಯ ಮಾತು ಬಂದಾಗಲೆಲ್ಲ ಇನ್ನೊಂದು ವಿದ್ಯೆ ಹಿಡಿದೆ ಅಂತ ಅವ್ವ ಚುಡಾಯಿಸುತ್ತಿದ್ದಳು. ಅದು ಪೂರಾ ಸುಳ್ಳಲ್ಲ. ಕಡೂರಿನಲ್ಲಿ ಕರಾಟೆ, ಮಾವನ ಊರಿನ ಮುದುಕರೊಬ್ಬರ ಹತ್ತಿರ ದೊಣ್ಣೆ ವರಸೆ, ಕೇರಳಕ್ಕೆ ಹೋಗಿ ಎರಡು ವರ್ಷ ಕಳರಿ. ಶಿವಮೊಗ್ಗದಲ್ಲಿ ಜೂಡೋ ಕಲಿಯಲು ಸೇರಿದ ಮೊದಲ ದಿನ, ಹೊಡೆಯುವುದಲ್ಲ, ಬೀಳುವುದಲ್ಲ, ಚಾಪೆ ತಟ್ಟುವುದನ್ನು ಹೇಳಿಕೊಟ್ಟರು. ಆಗದಿದ್ದರೆ ಎರಡು ಸಲ ತಟ್ಟು, ಎದುರಿನವನು ಬಿಟ್ಟೇ ಬಿಡಬೇಕು. ಸೋಲಿಗೆ ಒಂದು ಬಾಗಿಲು ಇಟ್ಟಿದ್ದಾರಲ್ಲ ಈ ಜನ ಅಂತ ನಾನು ಬೆಪ್ಪಾಗಿ ನಿಂತೆ. ಎಷ್ಟು ದೂರದ ದೇಶದವರಿಗೆ ಹೊಳೆದದ್ದು ನಮ್ಮಪ್ಪನಿಗೆ ಯಾಕೆ ಹೊಳೆಯಲಿಲ್ಲ? ಇಷ್ಟು ತಿಳಿದೂ ನಾನು ತಟ್ಟಲಿಲ್ಲ. ಮೂರನೆಯ ವಾರ ಕುತ್ತಿಗೆಗೆ ಹಿಡಿತ ಬಿದ್ದಾಗ ಕೈ ಎತ್ತದೆ ಹಾಗೇ ಇದ್ದು ಪ್ರಜ್ಞೆ ತಪ್ಪಿದೆ. ಕಣ್ಣು ಬಿಟ್ಟಾಗ ಹಿಡಿದಿದ್ದ ಹುಡುಗಿ ಗಳಗಳ ಅಳುತ್ತಿದ್ದಳು. “ತಟ್ಟದಿದ್ರೆ ನಾಳೆಯಿಂದ ಬರ್ಬೇಡಿ, ನಮ್ಮ ಮಕ್ಕಳನ್ನ ಕೊಲೆಗಡುಕರನ್ನಾಗಿ ಮಾಡ್ತೀರ” ಅಂದರು ಅಲ್ಲಿಯ ಗುರುಗಳು. ತಟ್ಟದವನ ತಪ್ಪು ಹಿಡಿದವರ ತಲೆಗೆ ಬರುತ್ತದೆ ಅನ್ನುವುದನ್ನು ನಾನು ಅದುವರೆಗೆ ಯೋಚಿಸಿರಲೇ ಇಲ್ಲ. ಅಣ್ಣ ಮಾತ್ರ ‘ಸಾಕು’ ಅಂದಿದ್ದ. ಅಂದರೂ ಅಪ್ಪ ಬಿಡಲಿಲ್ಲ. ಹಾಗಾಗಿ ನನ್ನ ಕ್ಲಾಸಿನಲ್ಲಿ ಮೊದಲ ಪಾಠ ಆ ಮಾತೇ. ಎಲ್ಲ ಮಕ್ಕಳೂ ಸಾಲಾಗಿ ನಿಂತು ಗಟ್ಟಿಯಾಗಿ ‘ಸಾಕು’ ಅನ್ನಬೇಕು, ಕಿಟಕಿಯಾಚೆ ರೈಲು ನಿಲ್ದಾಣದವರೆಗೂ ಕೇಳಬೇಕು.

ಅವ್ವ ಹೋದ ಮೇಲೆ ಅಪ್ಪನನ್ನು ಕಡೂರಿಗೆ ಕರೆತಂದೆ. ಲಕ್ವ ಹೊಡೆದು ಬಲಗಡೆ ಬಿದ್ದುಹೋಗಿದೆ, ಮಾತು ತೊದಲು, ಎಡಗೈ ಮಾತ್ರ ಆಡುತ್ತದೆ. ಮಧ್ಯಾಹ್ನ ರಾಗಿ ಅಂಬಲಿಯನ್ನು ನಾನೇ ಚಮಚದಲ್ಲಿ ಕುಡಿಸುತ್ತೇನೆ. ಹೊಟ್ಟೆ ತುಂಬಿದರೆ ಹಳೆಯ ರೂಢಿಯಂತೆ ಬಟ್ಟಲ ಮೇಲೆ ಅಂಗೈ ಅಡ್ಡ ಹಿಡಿಯುತ್ತಾರೆ. ಬರೆಯಲು ನಾಚಿಕೆಯಾಗುತ್ತದೆ, ಆದರೂ ಬರೆಯುತ್ತೇನೆ: ಒಂದು ದಿನ ನಾನು ಆ ಕೈಯನ್ನು ಸರಿಸಿ ಇನ್ನೊಂದು ಚಮಚ ಬಾಯಿಗಿಟ್ಟೆ.

“ಬಾಯಲ್ಲಿ ಹೇಳ್ರಿ ಅಪ್ಪ.”

ಅವರು ಹೇಳಲಿಲ್ಲ, ನುಂಗಿದರು. ಮಾರನೆಯ ದಿನವೂ ಹಾಗೇ. ಒಂದು ವಾರ, ಎರಡು ವಾರ. ಅವರು ಕೈ ಹಿಡಿಯುವುದು, ನಾನು ಸರಿಸುವುದು, ಇನ್ನೊಂದು ಚಮಚ, ಮತ್ತೊಂದು ಚಮಚ. ಅಂಬಲಿ ಗದ್ದದ ಮೇಲೆ ಇಳಿದು ಅಂಗಿ ನೆನೆಯುತ್ತಿತ್ತು. ಲೋಕಕ್ಕೆಲ್ಲ ಬಿಡುವುದನ್ನು ಕಲಿಸುವ ಟೀಚರಮ್ಮ ಮನೆಯಲ್ಲಿ ಮಾಡುತ್ತಿದ್ದ ಕೆಲಸ ಇದು. ಕಳೆದ ಶ್ರಾವಣದ ಒಂದು ಮಧ್ಯಾಹ್ನ ಅವರಿಗೆ ನೆತ್ತಿ ಹತ್ತಿತು. ಕೆಮ್ಮಿ ಕೆಮ್ಮಿ ಮುಖ ಕಪ್ಪಿಟ್ಟಿತು. ನಾನು ಬೆನ್ನು ಸವರಿದೆ, ನೀರು ಕುಡಿಸಿದೆ, ಕೆಮ್ಮು ನಿಂತಿತು. ಆಮೇಲೆ ಮತ್ತೆ ಚಮಚ ತುಂಬಿದೆ. ಅಪ್ಪ ಎಡಗೈಯಲ್ಲಿ ನನ್ನ ಮಣಿಕಟ್ಟು ಹಿಡಿದರು. ಮೊದಲಿನ ಬಿಗಿ ಎಲ್ಲಿ ಬರಬೇಕು, ಅದನ್ನು ಬಿಡಿಸಿಕೊಳ್ಳಲು ಯಾವ ವಿದ್ಯೆಯೂ ಬೇಡ. ಆದರೂ ಬಿಡಿಸಿಕೊಳ್ಳಲಿಲ್ಲ.

“ಅಂದ ಕಣೇ,” ಅಂದರು.

“ಯಾರಪ್ಪ?”

“ಕಲ್ಲೇಶ. ಎಲ್ಡ್ ಸಲ ಅಂದ.” ಉಸಿರು ತೆಗೆದುಕೊಂಡರು. “ಮೊದ್ಲು, ವಸ್ತಾದ್ರೇ ಸಾಕು ಅಂದ. ನಾನು ಬಿಡ್ಲಿಲ್ಲ. ಆಮೇಲೆ ಅಪ್ಪಾ ಅಂದ.”

ನನಗೆ ಕೇಳಿಸಿದ್ದು ಎರಡನೆಯದು. ಮೊದಲನೆಯದನ್ನು ಅವನು ಅಂದಾಗ ನಾನು ಹಾಲು ಎತ್ತಿ ಹುಯ್ಯುತ್ತಿದ್ದೆ. ಎರಡರ ನಡುವೆ ಎಷ್ಟು ಹೊತ್ತಿತ್ತೋ ಅವರೊಬ್ಬರಿಗೇ ಗೊತ್ತು. ಅಪ್ಪ ನನ್ನ ಕೈ ಬಿಟ್ಟರು. ಊಟದ ಹೊತ್ತಿನಲ್ಲಿ ‘ಸಾಕು’ ಅನ್ನುವ ಮಾತು ಅವರ ಬಾಯಿಂದಲೇ ಬಂದಿತ್ತು, ಮನೆಯ ಕಾನೂನಿನ ಪ್ರಕಾರ ಇನ್ನೊಂದು ತುತ್ತು ತಿನ್ನಬೇಕು. ಅವರು ಕಣ್ಣು ಮುಚ್ಚಿಕೊಂಡು, ಹಲ್ಲಿಲ್ಲದ ಬಾಯಿ ತೆರೆದು, ಚಮಚಕ್ಕಾಗಿ ಕಾಯುತ್ತಾ ಕೂತರು.

“ಸಾಕು ಅಪ್ಪ,” ಅಂದೆ. “ಸಾಕು.”